ಬನಾರಸಿಗೆ ಓದಲು ಹೋಗುವವರಿಗೆ: ನಾಡಕಚೇರಿಯಿಂದ ಲಂಕಾ ಗೇಟಿನವರೆಗೆ

ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಎಂ.ಎ., ಎಂ.ಎಸ್ಸಿ. ಮಾಡಲು ಕರ್ನಾಟಕದಿಂದ ಹೊರಡುವವರು ಅನುಭವಿಸುವ ತೊಂದರೆಗಳಲ್ಲಿ ಹೆಚ್ಚಿನವು ಕಾಶಿಯಲ್ಲಿ ಹುಟ್ಟಿದವಲ್ಲ. ಊರಿನ ನಾಡಕಚೇರಿಯಲ್ಲಿ, ಓದಿದ ಕಾಲೇಜಿನ ಆಫೀಸಿನಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಕೂತಿರುವ ಒಂದು ಇನಿಷಿಯಲ್ಲಿನಲ್ಲಿ ಹುಟ್ಟಿ, ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತಾಗ ಹೊರಬರುತ್ತವೆ. ರೂಮು, ಊಟ, ಭಾಷೆ, ಚಳಿ ಇವೆಲ್ಲ ಅಲ್ಲಿಗೆ ಹೋದ ಮೇಲೆ ಒಂದಲ್ಲ ಒಂದು ರೀತಿ ಹೊಂದಿಕೊಳ್ಳುತ್ತವೆ. ಕಾಗದಪತ್ರ ಮಾತ್ರ ಹೊಂದಿಕೊಳ್ಳುವುದಿಲ್ಲ. ಈ ದಾರಿಯಲ್ಲಿ ಹೋಗಿಬಂದ ನಮ್ಮಂಥವರು ಹೊಸಬರಿಗೆ ಮೊದಲು ಹೇಳುವ ಮಾತು ಅದೇ. ಆದ್ದರಿಂದ ಇಲ್ಲೂ ಅದಕ್ಕೇ ಹೆಚ್ಚು ಜಾಗ ಕೊಡುತ್ತೇವೆ.

ಅದಕ್ಕೂ ಮೊದಲು, ಅಷ್ಟು ದೂರ ಯಾಕೆ ಹೋಗಬೇಕು ಎಂದು ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಇರಲಿ. 1916ರ ಫೆಬ್ರವರಿ 4ರಂದು ಈ ವಿಶ್ವವಿದ್ಯಾಲಯಕ್ಕೆ ಅಡಿಗಲ್ಲು ಬಿತ್ತು. ಕಟ್ಟಿದವರು ಮದನ ಮೋಹನ ಮಾಳವೀಯರು. ಜಾಗ ಕೊಟ್ಟವರು ಕಾಶಿಯ ಮಹಾರಾಜರು. ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದೂ ಅದೇ 1916ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿದ ರಾಧಾಕೃಷ್ಣನ್ ಮುಂದೆ 1939ರಿಂದ 1948ರವರೆಗೆ ಇಲ್ಲಿ ಕುಲಪತಿಯಾಗಿದ್ದರು. ಸಿ.ಎನ್.ಆರ್. ರಾವ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ. ಮಾಡಲು ಬಂದದ್ದು ಇಲ್ಲಿಗೇ. ಮೈಸೂರಿನಿಂದ ಬನಾರಸಿಗೆ ಓದಿನ ದಾರಿ ಆ ಕಾಲದಿಂದಲೂ ತೆರೆದಿದೆ. ಇವತ್ತು ಮೂವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರೀಯ ವಿಶ್ವವಿದ್ಯಾಲಯ ಇದು. ಶುಲ್ಕ ಕಡಿಮೆ, ಗ್ರಂಥಾಲಯ ದೊಡ್ಡದು, ಸಂಸ್ಕೃತ, ಸಂಗೀತ, ಆಯುರ್ವೇದ, ಕೃಷಿ, ವೈದ್ಯಕೀಯ ಎಲ್ಲವೂ ಒಂದೇ ಆವರಣದೊಳಗೆ. ಎಂಜಿನಿಯರಿಂಗ್ ವಿಭಾಗ 2012ರಲ್ಲಿ ಐಐಟಿಯಾಗಿ ಬೇರೆಯಾಯಿತು, ಆದರೆ ಅದೂ ಇರುವುದು ಇದೇ ಆವರಣದಲ್ಲಿ.

ಪ್ರವೇಶಕ್ಕೆ ಬಾಗಿಲು ಒಂದೇ, ಸಿಯುಇಟಿ-ಪಿಜಿ, ಅಂದರೆ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಕೋರ್ಸುಗಳಿಗೆ ದೇಶಕ್ಕೆಲ್ಲ ನಡೆಯುವ ಸಾಮಾನ್ಯ ಪ್ರವೇಶ ಪರೀಕ್ಷೆ. ಅರ್ಜಿ ಡಿಸೆಂಬರ್ ಅಥವಾ ಜನವರಿ ಹೊತ್ತಿಗೆ ಬರುತ್ತದೆ, ಪರೀಕ್ಷೆ ಮಾರ್ಚಿಯಲ್ಲಿ. ಪ್ರಶ್ನೆ 75, ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಒಟ್ಟು 300. ಬೆಂಗಳೂರು, ಮೈಸೂರಿನಲ್ಲೆಲ್ಲ ಕೇಂದ್ರಗಳಿರುವುದರಿಂದ ಪರೀಕ್ಷೆಗಾಗಿ ದೂರ ಹೋಗಬೇಕಿಲ್ಲ. ಕನ್ನಡ ಮಾಧ್ಯಮದಲ್ಲಿ ಪದವಿ ಓದಿದವರು ಒಂದು ಸಂಗತಿಯನ್ನು ತಿಂಗಳುಗಟ್ಟಲೆ ಮುಂಚೆಯೇ ಅರಗಿಸಿಕೊಳ್ಳಬೇಕು: ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಚೆನ್ನಾಗಿ ಬಲ್ಲ ಹುಡುಗ ಹುಡುಗಿಯರು ಅಂಕ ಕಳೆದುಕೊಳ್ಳುವುದು ವಿಷಯ ಗೊತ್ತಿಲ್ಲದೆ ಅಲ್ಲ, ಪಾರಿಭಾಷಿಕ ಪದ ಇಂಗ್ಲಿಷಿನಲ್ಲಿ ಬಂದಾಗ ಗುರುತು ಸಿಗದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು, ನಿಮ್ಮ ಕನ್ನಡ ನೋಟ್ಸಿನ ಅಂಚಿನಲ್ಲಿ ಇಂಗ್ಲಿಷ್ ಪದಗಳನ್ನು ಬರೆದುಕೊಳ್ಳುತ್ತಾ ಹೋಗಿ. ಕೋಚಿಂಗಿಗೆ ಹಣ ಸುರಿಯುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ.

ಪತ್ರಿಕೆ ಆರಿಸುವಲ್ಲೂ ಎಚ್ಚರ ಬೇಕು. ಯಾವ ಕೋರ್ಸಿಗೆ ಯಾವ ಪತ್ರಿಕೆ ಬರೆದಿರಬೇಕು ಎಂಬುದನ್ನು ವಿಶ್ವವಿದ್ಯಾಲಯ ತನ್ನ ಮಾಹಿತಿ ಪುಸ್ತಿಕೆಯಲ್ಲಿ ಹೇಳಿರುತ್ತದೆ. ಹೆಸರು ಹತ್ತಿರ ಇದೆಯೆಂದು ಬೇರೆ ಪತ್ರಿಕೆ ಬರೆದರೆ ಎಷ್ಟೇ ಅಂಕ ಬಂದರೂ ಆ ಕೋರ್ಸಿಗೆ ಅರ್ಹತೆ ಇಲ್ಲ. ಪತ್ರಿಕೆಯ ಕೋಡನ್ನು ಕೋರ್ಸಿನ ಎದುರು ಇಟ್ಟು ನೋಡಿಯೇ ಹಣ ಕಟ್ಟಿ.

ಪ್ರತಿ ವರ್ಷ ಜನ ಎಡವುವ ಕಲ್ಲು ಇನ್ನೊಂದಿದೆ. ಸಿಯುಇಟಿ ಅರ್ಜಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಟಿಕ್ ಮಾಡಿದರೆ ಅರ್ಜಿ ಹಾಕಿದಂತಾಗುವುದಿಲ್ಲ. ಫಲಿತಾಂಶ ಬಂದ ಮೇಲೆ ವಿಶ್ವವಿದ್ಯಾಲಯ ತನ್ನದೇ ನೋಂದಣಿ ತೆರೆಯುತ್ತದೆ. ಅಲ್ಲಿ ಬೇರೆ ಶುಲ್ಕ ಕಟ್ಟಿ, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಹಾಕಬೇಕು. ಒಳ್ಳೆಯ ಅಂಕ ತೆಗೆದು, ಸೀಟಿನ ಮೆಸೇಜ್ ಬರುತ್ತದೆಂದು ಕಾದು ಕೂತು ವರ್ಷ ಕಳೆದುಕೊಂಡವರು ಇದ್ದಾರೆ. ಫಲಿತಾಂಶದ ದಿನದಿಂದ ವಿಶ್ವವಿದ್ಯಾಲಯದ ಪ್ರವೇಶ ಪುಟವನ್ನು ದಿನಕ್ಕೊಮ್ಮೆ ನೋಡುವುದು ಕಡ್ಡಾಯ ಎಂದುಕೊಳ್ಳಿ.

ಆದ್ಯತೆ ಪಟ್ಟಿ ತುಂಬುವಾಗ ಒಂದೇ ಕೋರ್ಸು ಹಲವು ಸಲ ಕಾಣುತ್ತದೆ. ಅದು ತಾಂತ್ರಿಕ ದೋಷವಲ್ಲ, ಜಾಗಗಳು ಬೇರೆ ಬೇರೆ. ಒಂದು, ಬನಾರಸಿನ ಲಂಕಾ ಬಡಾವಣೆಯ ಮುಖ್ಯ ಆವರಣ. ಇನ್ನೊಂದು, ಅದೇ ಆವರಣದೊಳಗಿನ ಮಹಿಳಾ ಮಹಾವಿದ್ಯಾಲಯ. ಮತ್ತೊಂದು ರಾಜೀವ್ ಗಾಂಧಿ ದಕ್ಷಿಣ ಆವರಣ, ಅದಿರುವುದು ಬನಾರಸಿನಲ್ಲಲ್ಲ, ಮಿರ್ಜಾಪುರದ ಆಚೆ ಬರಕಛಾದಲ್ಲಿ. ಇವುಗಳ ಜೊತೆಗೆ ನಗರದೊಳಗಿನ ನಾಲ್ಕು ಸಂಬದ್ಧ ಕಾಲೇಜುಗಳು: ಡಿಎವಿ, ಆರ್ಯ ಮಹಿಳಾ, ವಸಂತ ಕನ್ಯಾ ಮತ್ತು ರಾಜಘಾಟಿನ ವಸಂತಾ. ಒಳ್ಳೆಯ ಕಾಲೇಜುಗಳೇ, ಡಿಗ್ರಿಯೂ ವಿಶ್ವವಿದ್ಯಾಲಯದ್ದೇ. ಆದರೆ ನಿಮ್ಮ ಮನಸ್ಸಿನಲ್ಲಿರುವುದು ಮುಖ್ಯ ಆವರಣದ ಗ್ರಂಥಾಲಯ ಮತ್ತು ಹಾಸ್ಟೆಲ್ ಆಗಿದ್ದರೆ, ಯಾವ ಸಾಲಿನಲ್ಲಿ ಯಾವ ಜಾಗ ಬರೆದಿದೆ ಎಂದು ಓದಿಯೇ ಮೇಲೆ ಕೆಳಗೆ ಮಾಡಿ. ‘ಪೇಯ್ಡ್ ಸೀಟ್’ ಎಂದು ಬರೆದಿದ್ದರೆ ಆ ಸೀಟಿನ ಶುಲ್ಕವೇ ಬೇರೆ, ತುಂಬ ಹೆಚ್ಚು. ಸೀಟು ಸಿಕ್ಕಿದ ಖುಷಿಯಲ್ಲಿ ಅದನ್ನು ನೋಡದೆ ಹಣ ಕಟ್ಟಬೇಡಿ. ಹಂಚಿಕೆ ಹಲವು ಸುತ್ತುಗಳಲ್ಲಿ ನಡೆಯುತ್ತದೆ. ಪ್ರತಿ ಸುತ್ತಿನಲ್ಲೂ ಹಣ ಕಟ್ಟಲು ಕೆಲವೇ ದಿನ ಗಡುವು. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಹಣ ಕಟ್ಟದೆ ಮೇಲಿನದಕ್ಕೆ ಕಾಯುತ್ತೇನೆಂದರೆ ಎರಡೂ ಕೈತಪ್ಪುವ ಸಂಭವವೇ ಹೆಚ್ಚು. ಹಣ ಕಟ್ಟಿ, ಮೇಲಿನ ಆದ್ಯತೆಗೆ ಏರುವ ಆಯ್ಕೆಯನ್ನು ತೆರೆದಿಟ್ಟುಕೊಳ್ಳುವುದು ಸರಿ.

ಈಗ ಕಾಗದ.

ಮೊದಲು ಹೆಸರು. ನಮ್ಮಲ್ಲಿ ಮನೆತನದ ಹೆಸರು ಇಲ್ಲದವರೇ ಹೆಚ್ಚು. ಎಸ್ಸೆಸ್ಸೆಲ್ಸಿಯಲ್ಲಿ ‘ಸುಮಾ ಕೆ.’, ಪಿಯುಸಿಯಲ್ಲಿ ‘ಕೆ. ಸುಮಾ’, ಆಧಾರಿನಲ್ಲಿ ‘ಸುಮಾ ಕೃಷ್ಣಪ್ಪ’, ಡಿಗ್ರಿ ಅಂಕಪಟ್ಟಿಯಲ್ಲಿ ಬರೀ ‘ಸುಮಾ’. ನಮಗೆ ನಾಲ್ಕೂ ಒಬ್ಬಳೇ. ಅಲ್ಲಿನ ಗುಮಾಸ್ತರ ಕಣ್ಣಿಗೆ ನಾಲ್ಕು ಜನ. ಎಲ್ಲಕ್ಕೂ ಆಧಾರ ಹತ್ತನೇ ತರಗತಿಯ ಅಂಕಪಟ್ಟಿ. ಅಕ್ಷರ, ಚುಕ್ಕಿ, ಖಾಲಿ ಜಾಗ ಸಮೇತ ಅದರಲ್ಲಿ ಹೇಗಿದೆಯೋ ಹಾಗೇ ಸಿಯುಇಟಿ ಅರ್ಜಿಯಲ್ಲಿ ತುಂಬಬೇಕು. ಆಧಾರ್ ಬೇರೆಯಿದ್ದರೆ ಅರ್ಜಿ ಶುರುವಾಗುವ ಮೊದಲೇ ಆಧಾರನ್ನು ತಿದ್ದಿಸಿ, ಯಾಕೆಂದರೆ ಎಸ್ಸೆಸ್ಸೆಲ್ಸಿ ಮಂಡಳಿಯಲ್ಲಿ ತಿದ್ದುಪಡಿ ಮಾಡಿಸುವುದು ಅದಕ್ಕಿಂತ ಎಷ್ಟೋ ಉದ್ದದ ಕೆಲಸ. ಎಬಿಸಿ ಐಡಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಗುರುತಿನ ಸಂಖ್ಯೆ) ಮಾಡಿಸಿಕೊಂಡಿದ್ದರೆ ಅದರಲ್ಲಿರುವ ಹೆಸರನ್ನೂ ನೋಡಿಕೊಳ್ಳಿ. ಡಿಗ್ರಿ ಅಂಕಪಟ್ಟಿಯಲ್ಲಿ ಮಾತ್ರ ವ್ಯತ್ಯಾಸವಿದ್ದು ತಿದ್ದಿಸಲು ಸಮಯವಿಲ್ಲದಿದ್ದರೆ, ಇಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿ ಕೈಯಲ್ಲಿಟ್ಟುಕೊಂಡು ಹೋಗಿ.

ಆಮೇಲೆ ಜಾತಿ ಪ್ರಮಾಣಪತ್ರ. ಇದರಲ್ಲಿ ಆಗುವಷ್ಟು ನಷ್ಟ ಬೇರೆ ಯಾವುದರಲ್ಲೂ ಆಗುವುದಿಲ್ಲ. ಕರ್ನಾಟಕದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಇವಾವುವೂ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಲೆಕ್ಕಕ್ಕಿಲ್ಲ. ಅಲ್ಲಿ ಇರುವುದು ಕೇಂದ್ರದ ಒಬಿಸಿ ಪಟ್ಟಿ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಅದರಲ್ಲಿಲ್ಲ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಕರ್ನಾಟಕದ ಪಟ್ಟಿ ತೆಗೆದು, ನಿಮ್ಮ ಪ್ರಮಾಣಪತ್ರದಲ್ಲಿರುವ ಉಪಜಾತಿಯ ಹೆಸರೇ ಅದರಲ್ಲಿದೆಯೇ ಎಂದು ನೋಡಿ. ಇದ್ದರೆ ನಾಡಕಚೇರಿಯಲ್ಲಿ ‘ಒಬಿಸಿ ಕೇಂದ್ರ’ ಎಂಬ ಪ್ರತ್ಯೇಕ ಸೇವೆಯಡಿ ಅರ್ಜಿ ಹಾಕಬೇಕು. ಕೌಂಟರಿನಲ್ಲಿ ಸುಮ್ಮನೆ ‘ಜಾತಿ ಆದಾಯ ಬೇಕು’ ಎಂದರೆ ರಾಜ್ಯದ ನಮೂನೆಯೇ ಕೈಗೆ ಬರುತ್ತದೆ. ಭಾಷೆ ಇಂಗ್ಲಿಷ್ ಎಂದು ಮೊದಲೇ ಹೇಳಿ. ಕನ್ನಡದ ಪ್ರಮಾಣಪತ್ರವನ್ನು ಅಲ್ಲಿನ ಪರಿಶೀಲಕರು ಓದಲಾರರು, ಓದಲಾಗದ್ದನ್ನು ಒಪ್ಪಲಾರರು.

ತಾರೀಖೂ ಮುಖ್ಯ. ಒಬಿಸಿ ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರ ಮತ್ತು ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಪತ್ರ ಎರಡೂ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದಾಗಿರಬೇಕು ಎಂದು ಕೇಳುವುದು ರೂಢಿ. ಸಿಯುಇಟಿ ಅರ್ಜಿ ಅದಕ್ಕೂ ಮೊದಲೇ ಮುಗಿದಿರುವುದರಿಂದ, ಜನವರಿಯಲ್ಲಿ ಕೊಟ್ಟ ಪತ್ರವೇ ಸಾಕು ಎಂದು ಹಲವರು ನಂಬಿಬಿಡುತ್ತಾರೆ. ಏಪ್ರಿಲ್ ಮೊದಲ ವಾರದಲ್ಲೇ ಹೊಸದಕ್ಕೆ ಅರ್ಜಿ ಹಾಕಿ. ಚುನಾವಣೆಯ ವರ್ಷವಾಗಿದ್ದರೆ ಕಂದಾಯ ಸಿಬ್ಬಂದಿ ಬೇರೆ ಕೆಲಸದಲ್ಲಿರುತ್ತಾರೆ, ಇನ್ನೂ ತಡವಾಗುತ್ತದೆ. ಕೆನೆಪದರದ ಲೆಕ್ಕದಲ್ಲಿ ತಂದೆತಾಯಿಯ ಸಂಬಳ ಮತ್ತು ಬೇಸಾಯದ ವರಮಾನವನ್ನು 8 ಲಕ್ಷದ ಮಿತಿಗೆ ಸೇರಿಸುವುದಿಲ್ಲ. ಸರ್ಕಾರಿ ನೌಕರರಾದರೆ ನೋಡುವುದು ಹುದ್ದೆಯ ದರ್ಜೆಯನ್ನು. ಇಡಬ್ಲ್ಯುಎಸ್‌ಗಾದರೆ ಎಲ್ಲ ಆದಾಯವನ್ನೂ ಸೇರಿಸುತ್ತಾರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಅರ್ಹರಿಗೆ ಪತ್ರ ಸಿಗದೇ ಹೋಗುವುದುಂಟು. ನಿಯಮದ ಪ್ರತಿ ಕೈಯಲ್ಲಿಟ್ಟುಕೊಂಡು ಗ್ರಾಮ ಆಡಳಿತಾಧಿಕಾರಿ ಹತ್ತಿರ ತಾಳ್ಮೆಯಿಂದ ಮಾತಾಡಿದರೆ ಕೆಲಸ ಆಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರ ಪತ್ರಕ್ಕೆ ಅವಧಿಯ ತಲೆನೋವಿಲ್ಲ, ಇಂಗ್ಲಿಷ್ ಪ್ರತಿ ಮಾತ್ರ ಬೇಕು.

ಮೂರನೆಯದು ಡಿಗ್ರಿ ಫಲಿತಾಂಶ. ನಮ್ಮ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಕೊನೆಯ ಸೆಮಿಸ್ಟರಿನ ಫಲಿತಾಂಶ ಬರುವಷ್ಟರಲ್ಲಿ ಬನಾರಸಿನಲ್ಲಿ ತರಗತಿ ಶುರುವಾಗಿರುತ್ತದೆ. ಫಲಿತಾಂಶ ಬಾಕಿಯಿರುವವರಿಗೆ ತಾತ್ಕಾಲಿಕ ಪ್ರವೇಶ ಕೊಡುತ್ತಾರೆ, ಇಂಥ ದಿನದೊಳಗೆ ಅಂಕಪಟ್ಟಿ ಒಪ್ಪಿಸುತ್ತೇನೆ ಎಂಬ ಮುಚ್ಚಳಿಕೆ ಬರೆಸಿಕೊಂಡು. ಆ ದಿನ ದಾಟಿದರೆ ಪ್ರವೇಶ ರದ್ದು. ಹಾಗಾಗಿ ಕೊನೆಯ ಪರೀಕ್ಷೆ ಬರೆದ ಕೂಡಲೇ ಕಾಲೇಜಿನ ಪ್ರಾಂಶುಪಾಲರಿಂದ, ‘ಪರೀಕ್ಷೆಗೆ ಹಾಜರಾಗಿದ್ದಾರೆ, ಫಲಿತಾಂಶ ಬಾಕಿ ಇದೆ’ ಎಂಬ ಪತ್ರವನ್ನು ಲೆಟರ್‌ಹೆಡ್ಡಿನಲ್ಲಿ, ಸೀಲಿನೊಂದಿಗೆ ಪಡೆದುಕೊಳ್ಳಿ. ಅರ್ಜಿಯಲ್ಲಿ ಶೇಕಡಾ ಅಂಕ ಕೇಳಿದರೆ ಸಿಜಿಪಿಎಯನ್ನು ಅಂದಾಜಿನಲ್ಲಿ ಹತ್ತರಿಂದ ಗುಣಿಸಿ ಹಾಕಬೇಡಿ. ನಿಮ್ಮ ವಿಶ್ವವಿದ್ಯಾಲಯದ ಸೂತ್ರ ಅಂಕಪಟ್ಟಿಯ ಹಿಂಬದಿಯಲ್ಲಿರುತ್ತದೆ. ಇಲ್ಲದಿದ್ದರೆ ಪರಿವರ್ತನೆಯ ಪತ್ರ ಬರೆಸಿಕೊಳ್ಳಿ.

ಟಿಸಿ ಕಾಲೇಜಿನಿಂದ, ಮೈಗ್ರೇಷನ್ ಪ್ರಮಾಣಪತ್ರ ವಿಶ್ವವಿದ್ಯಾಲಯದಿಂದ. ಎರಡೂ ಬೇರೆ, ಎರಡೂ ಮೂಲಪ್ರತಿಯೇ ಬೇಕು, ಎರಡೂ ಒಪ್ಪಿಸಿದ ಮೇಲೆ ವಾಪಸ್ ಬರುವುದಿಲ್ಲ. ಕೊಡುವ ಮೊದಲು ಸ್ಕ್ಯಾನ್ ಮಾಡಿಟ್ಟುಕೊಂಡು, ಐದಾರು ಜೆರಾಕ್ಸ್ ತೆಗೆಸಿ. ನಮ್ಮ ಟಿಸಿಯಲ್ಲೇ ‘ನಡತೆ: ಉತ್ತಮ’ ಎಂದು ಬರೆದಿರುತ್ತದೆ, ಆದರೆ ಅಲ್ಲಿ ನಡತೆ ಪತ್ರ ಬೇರೆ ಹಾಳೆಯಲ್ಲಿ ಕೇಳುತ್ತಾರೆ. ಡಿಗ್ರಿ ಮುಗಿಸಿ ವರ್ಷ ಬಿಟ್ಟು ಹೋಗುವವರು ಆ ಅವಧಿಯಲ್ಲಿ ಬೇರೆಲ್ಲೂ ದಾಖಲಾಗಿಲ್ಲ ಎಂಬ ಅಫಿಡವಿಟ್ ಮಾಡಿಸಿಕೊಳ್ಳಬೇಕು. ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯನ್ನು ಆನ್‌ಲೈನಿನಲ್ಲೇ ತುಂಬಿ ಪ್ರತಿ ತೆಗೆದುಕೊಂಡರೆ ಅಲ್ಲಿನ ಸೈಬರ್ ಅಂಗಡಿಯ ಸರತಿ ತಪ್ಪುತ್ತದೆ. ಇನ್ನು, ಅಲ್ಲಿನ ಫಾರಂಗಳಲ್ಲಿ ‘ಹೈಸ್ಕೂಲ್’ ಎಂದರೆ ಹತ್ತನೇ ತರಗತಿ, ‘ಇಂಟರ್’ ಎಂದರೆ ನಮ್ಮ ಎರಡನೇ ಪಿಯುಸಿ.

ಪರಿಶೀಲನೆಯ ದಿನ ಹೇಗಿರುತ್ತದೆಂದರೆ: ವಿಭಾಗದ ವರಾಂಡದಲ್ಲಿ ಒಂದು ಉದ್ದ ಮೇಜು, ಅದರ ಹಿಂದೆ ಇಬ್ಬರು ಮೂವರು ಅಧ್ಯಾಪಕರು, ಪಕ್ಕದಲ್ಲಿ ಟ್ಯಾಗ್ ಹಾಕಿದ ಫೈಲುಗಳ ರಾಶಿ. ನಿಮ್ಮ ಫೈಲು ತೆರೆದು ಮೊದಲು ನೋಡುವುದು ಹತ್ತನೇ ತರಗತಿಯ ಅಂಕಪಟ್ಟಿಯ ಹೆಸರು ಮತ್ತು ಹುಟ್ಟಿದ ದಿನ. ಅದರ ಮೇಲೆ ಬೆರಳಿಟ್ಟುಕೊಂಡೇ ಸಿಯುಇಟಿ ಅಂಕಪತ್ರ, ಆಧಾರ್, ಡಿಗ್ರಿ, ಜಾತಿ ಪತ್ರ ಒಂದೊಂದಾಗಿ ತಿರುವುತ್ತಾರೆ. ಎಲ್ಲ ಕೂಡಿಬಂದರೆ ಹತ್ತು ನಿಮಿಷದ ಕೆಲಸ. ಎಲ್ಲೋ ಒಂದು ಅಕ್ಷರ ತಪ್ಪಿದರೆ ಬೆರಳು ಅಲ್ಲಿ ನಿಲ್ಲುತ್ತದೆ. ಫೈಲನ್ನು ಅದೇ ಕ್ರಮದಲ್ಲಿ ಜೋಡಿಸಿ, ಮೂಲಪ್ರತಿ ಒಂದು ಕವರಿನಲ್ಲಿ, ಸ್ವಂತ ಸಹಿ ಹಾಕಿದ ಜೆರಾಕ್ಸಿನ ಎರಡು ಸೆಟ್ ಇನ್ನೊಂದರಲ್ಲಿ ಇಟ್ಟುಕೊಂಡರೆ ಮೇಜಿನ ಆಚೆಯವರಿಗೂ ನೆಮ್ಮದಿ. ‘ಪ್ರಣಾಮ್ ಸರ್’ ಎಂದು ಕೈಮುಗಿಯುವುದು ಅಲ್ಲಿನ ವಾಡಿಕೆ; ಗುಡ್ ಮಾರ್ನಿಂಗಿಗಿಂತ ಅದು ಹತ್ತಿರ ತರುತ್ತದೆ.

ಹೋಗುವ ದಾರಿ ಸುಲಭ. ಮೈಸೂರಿನಿಂದ ಬೆಂಗಳೂರಿನ ಮೇಲೆ ವಾರಾಣಸಿಗೆ ನೇರ ಎಕ್ಸ್‌ಪ್ರೆಸ್ ಇದೆ, ವಾರದಲ್ಲಿ ಎರಡು ದಿನ. ಆ ದಿನ ಹೊಂದದಿದ್ದರೆ ಬೆಂಗಳೂರಿನಿಂದ ದಿನವೂ ಹೊರಡುವ ಸಂಘಮಿತ್ರಾ ಹಿಡಿದು ದೀನ್‌ದಯಾಳ್ ಉಪಾಧ್ಯಾಯ ಜಂಕ್ಷನ್ನಿನಲ್ಲಿ, ಜನ ಇನ್ನೂ ಮುಘಲ್‌ಸರಾಯ್ ಎನ್ನುವ ನಿಲ್ದಾಣದಲ್ಲಿ, ಇಳಿಯಬೇಕು. ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ, ಸೀಟು ಹಂಚಿಕೆ ಅಷ್ಟು ಮೊದಲು ಆಗುವುದಿಲ್ಲ. ಅಂಕ ಚೆನ್ನಾಗಿದ್ದರೆ ಅಂದಾಜಿನ ಮೇಲೆ ಟಿಕೆಟ್ ತೆಗೆದಿಟ್ಟುಕೊಂಡು ಬೇಡವಾದರೆ ರದ್ದು ಮಾಡುವುದು ತತ್ಕಾಲಿಗಿಂತ ಅಗ್ಗ.

ಮೊದಲ ರಾತ್ರಿಗೆ ಎಲ್ಲಿ ಎಂಬ ಚಿಂತೆ ಬೇಡ. ಹನುಮಾನ್ ಘಾಟಿನ ಆಸುಪಾಸು ದಕ್ಷಿಣದವರ ಕೇರಿ. ಪಕ್ಕದಲ್ಲೇ ಕರ್ನಾಟಕ ಘಾಟ್ ಇದೆ, ಕರ್ನಾಟಕ ಸರ್ಕಾರದ ಅತಿಥಿಗೃಹವೂ ಅಲ್ಲಿದೆ. ಗೋದೌಲಿಯಾ ಹತ್ತಿರ ಜಂಗಮವಾಡಿ ಮಠ, ಕಾಶಿ ಪೀಠದ ನೆಲೆ. ಮೊಘಲ್ ಬಾದಶಹರು ಆ ಮಠಕ್ಕೆ ಕೊಟ್ಟ ಫರ್ಮಾನುಗಳು ಇತಿಹಾಸಕಾರರು ಓದುವ ದಾಖಲೆಗಳು. ಎರಡೂ ಕಡೆ ಕನ್ನಡದಲ್ಲಿ ಮಾತಾಡಿ ವಿಚಾರಿಸಬಹುದು. ಹಬ್ಬದ ದಿನಗಳಲ್ಲಿ ಯಾತ್ರಿಗಳಿಂದ ತುಂಬಿರುತ್ತವೆ, ಮುಂಚೆಯೇ ಫೋನ್ ಮಾಡಿ ಹೋಗಿ.

ಹಾಸ್ಟೆಲ್ ಪ್ರವೇಶದ ಜೊತೆಗೇ ಬರುವುದಿಲ್ಲ. ಪ್ರತಿ ಫ್ಯಾಕಲ್ಟಿಗೂ ತನ್ನ ಹಾಸ್ಟೆಲುಗಳು, ತನ್ನ ಪಟ್ಟಿ. ಅಂಕದ ಮೇಲೆ ಹಂಚುತ್ತಾರೆ, ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಹೊರಗೆ ರೂಮು. ವಿದ್ಯಾರ್ಥಿಗಳು ಇರುವುದು ಲಂಕಾ, ನಗವಾ, ಸಾಮನೆಘಾಟ್, ನರಿಯಾ, ಸುಂದರ್‌ಪುರ, ಕರೌಂದಿ, ಛಿತ್ತೂಪುರ್, ಸೀರ್ ಗೋವರ್ಧನಪುರದಲ್ಲಿ. ರೂಮು ನೋಡುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ನೀರು ಎಲ್ಲಿಯವರೆಗೆ ಬರುತ್ತದೆ? ಬನಾರಸಿನಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರ್. 1978ರ ಸೆಪ್ಟೆಂಬರಿನಲ್ಲಿ ಅದು 73.901ರವರೆಗೆ ಏರಿತ್ತು. ಆಗಸ್ಟ್, ಸೆಪ್ಟೆಂಬರಿನಲ್ಲಿ ಮಟ್ಟ ಏರಿದಾಗ ನಗವಾ, ಸಾಮನೆಘಾಟಿನ ತಗ್ಗು ಗಲ್ಲಿಗಳಿಗೆ ನೀರು ನುಗ್ಗುತ್ತದೆ, ಅಸ್ಸಿಯ ಹಳ್ಳ ಹಿಂದಕ್ಕೆ ಉಕ್ಕುತ್ತದೆ. ನೀವು ರೂಮು ಹುಡುಕುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಗೋಡೆಯ ಮೇಲೆ ಹಿಂದಿನ ನೆರೆಯ ಕಂದು ಗೆರೆ ಎದೆಯೆತ್ತರಕ್ಕೆ ಕಂಡರೆ ನೆಲಮಹಡಿಯ ರೂಮು ಎಷ್ಟೇ ಅಗ್ಗವಾದರೂ ಬಿಡಿ. ಸುಂದರ್‌ಪುರ, ಕರೌಂದಿಯ ಕಡೆ ನದಿಯಿಂದ ದೂರ. ಹಾಸ್ಟೆಲ್ ಸಿಕ್ಕಿದ ದಿನ ಬಿಟ್ಟುಬಿಡಬೇಕಾಗುವುದರಿಂದ ಮುಂಗಡ ಒಂದು ತಿಂಗಳಿಗಿಂತ ಹೆಚ್ಚು ಕೊಡಬೇಡಿ, ಎಷ್ಟು ದಿನ ಮೊದಲು ಹೇಳಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಲಂಕಾ ಸಿಂಹದ್ವಾರದ ಹೊರಗೆ ಹಾರ್ನಿನ ಸದ್ದು, ಹಣ್ಣಿನ ಗಾಡಿಗಳು, ಔಷಧಿ ಅಂಗಡಿಗಳ ಸಾಲು, ಪುಸ್ತಕದ ಅಂಗಡಿಗಳು, ಬಿಹಾರದ ಜಿಲ್ಲೆಗಳಿಂದ ರೋಗಿಗಳನ್ನು ಹೊತ್ತು ಬಂದ ಆಂಬುಲೆನ್ಸುಗಳು. ದ್ವಾರ ದಾಟಿ ನೂರು ಹೆಜ್ಜೆ ಹೋದರೆ ಎರಡೂ ಬದಿ ಮರಗಳ ಸಾಲು, ಸದ್ದು ಹಿಂದೆ ಉಳಿಯುತ್ತದೆ. 1300 ಎಕರೆಯ ಆವರಣವನ್ನು ಅರ್ಧಚಂದ್ರದ ಆಕಾರದಲ್ಲಿ ಯೋಜಿಸಿದ್ದಾರೆ. ಕಮಾನಿನಂಥ ರಸ್ತೆಗಳು ಒಂದರ ಹಿಂದೊಂದು: ಒಂದರಲ್ಲಿ ವಿಭಾಗಗಳು, ಅದರ ಹಿಂದೆ ಆಟದ ಮೈದಾನಗಳು, ಅದರ ಹಿಂದೆ ಹಾಸ್ಟೆಲುಗಳು, ಅವನ್ನು ಕತ್ತರಿಸಿ ಹೊರಟ ನೇರ ರಸ್ತೆಗಳು. ಈ ವಿನ್ಯಾಸ ತಲೆಗೆ ಹೋಗುವವರೆಗೆ ಹೊಸಬರು ಸುತ್ತಿದಲ್ಲೇ ಸುತ್ತುತ್ತಾರೆ, ಯಾಕೆಂದರೆ ಬಾಗಿದ ರಸ್ತೆಯಲ್ಲಿ ದಿಕ್ಕು ತಪ್ಪಿದ್ದು ಗೊತ್ತಾಗುವುದೇ ಇಲ್ಲ. ಗುರುತಿಗೆ ಇರುವುದು ವಿ.ಟಿ., ಅಂದರೆ ಆವರಣದ ನಡುವಿನ ಹೊಸ ವಿಶ್ವನಾಥ ದೇವಾಲಯ. 1931ರಲ್ಲಿ ಅಡಿಗಲ್ಲು ಹಾಕಿ 1966ರಲ್ಲಿ ಮುಗಿದ ಅದರ ಶಿಖರ ಸುಮಾರು 250 ಅಡಿ. ಗೋಡೆಗಳ ಅಮೃತಶಿಲೆಯ ಮೇಲೆ ಗೀತೆಯ ಶ್ಲೋಕಗಳನ್ನು ಕೊರೆದಿದ್ದಾರೆ. ಸುತ್ತಲಿನ ಅಂಗಡಿಗಳಲ್ಲಿ ಚಹಾ, ಕೋಲ್ಡ್ ಕಾಫಿ, ದೋಸೆ ಕೂಡ ಸಿಗುತ್ತದೆ. ದೋಸೆಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಗೇಟಿನಿಂದ ವಿ.ಟಿ.ಗೆ ಶೇರ್ ಇ-ರಿಕ್ಷಾ ಸಿಗುತ್ತದೆ. ಮೊದಲ ತಿಂಗಳಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ಕೊಳ್ಳುವುದು ಇನ್ನೂ ಒಳ್ಳೆಯದು, ಒಳ್ಳೆಯ ಬೀಗದೊಂದಿಗೆ.

ಗ್ರಂಥಾಲಯದ ಕಾರ್ಡನ್ನು ಮೊದಲ ವಾರದಲ್ಲೇ ಮಾಡಿಸಿಕೊಳ್ಳಿ. ಬರೋಡಾದ ಸಯಾಜಿರಾವ್ ಗಾಯಕವಾಡರ ಕೊಡುಗೆಯಿಂದ 1941ರಲ್ಲಿ ಎದ್ದ ಆ ಕೇಂದ್ರ ಗ್ರಂಥಾಲಯದ ದೊಡ್ಡ ವೃತ್ತಾಕಾರದ ಓದುಕೋಣೆಯಲ್ಲಿ ಜಾಗ ಹಿಡಿಯಲು ಬೆಳಗ್ಗೆ ಬೇಗ ಹೋಗಬೇಕು. ವಿಭಾಗಗಳ ಗ್ರಂಥಾಲಯಗಳು ಬೇರೆ ಇವೆ, ಪಠ್ಯಪುಸ್ತಕ ಸಿಗುವುದು ಹೆಚ್ಚಾಗಿ ಅಲ್ಲೇ. ವಿದ್ಯಾರ್ಥಿ ಆರೋಗ್ಯ ಕೇಂದ್ರದಲ್ಲಿ ಹೆಲ್ತ್ ಡೈರಿ ಮಾಡಿಸುವುದನ್ನು ಜನ ಕಾಯಿಲೆ ಬಿದ್ದ ಮೇಲೆ ನೆನೆಯುತ್ತಾರೆ. ಅದಿಲ್ಲದೆ ಸರ್ ಸುಂದರಲಾಲ್ ಆಸ್ಪತ್ರೆಯ ಹೊರರೋಗಿಗಳ ಸರತಿಯಲ್ಲಿ ನಿಂತರೆ ಇಡೀ ಬೆಳಗ್ಗೆ ಹೋಗುತ್ತದೆ. ಭಾರತ ಕಲಾ ಭವನವನ್ನು ಯಾರೂ ತಪ್ಪಿಸಬಾರದು. ರಾಯ್ ಕೃಷ್ಣದಾಸರು 1920ರಲ್ಲಿ ಶುರು ಮಾಡಿದ ಸಂಗ್ರಹ ಅದು. ಮಿನಿಯೇಚರ್ ವರ್ಣಚಿತ್ರಗಳು, ಶಿಲ್ಪಗಳು, ಹಳೆಯ ಬನಾರಸಿ ಜರತಾರಿ ಬಟ್ಟೆಗಳು. ಇವನ್ನು ನೋಡಲು ಬೇರೆ ದೇಶದಿಂದ ಬರುತ್ತಾರೆ, ಪಕ್ಕದ ಹಾಸ್ಟೆಲಿನವರು ಎರಡು ವರ್ಷ ಕಳೆದರೂ ಒಳಗೆ ಕಾಲಿಡುವುದಿಲ್ಲ.

ಹಳೆಯ ಊರು ಆವರಣದ ಉತ್ತರಕ್ಕೆ. ಗಂಗೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತದೆ, ಊರೆಲ್ಲ ಪಶ್ಚಿಮ ದಡದ ಮೇಲೆ, ಎದುರು ದಡ ಬರೀ ಮರಳು. ಅಸ್ಸಿಯಿಂದ ದಶಾಶ್ವಮೇಧದವರೆಗೆ ಮೆಟ್ಟಿಲ ಮೇಲೇ ನಡೆದು ಹೋಗಬಹುದು, ಸುಮಾರು ಮೂರು ಕಿಲೋಮೀಟರ್. ತುಳಸಿ, ಹನುಮಾನ್, ಹರಿಶ್ಚಂದ್ರ, ಕೇದಾರ ಘಾಟುಗಳು ದಾರಿಯಲ್ಲಿ. ಮಳೆಗಾಲದಲ್ಲಿ ಈ ದಾರಿಯೇ ಇರುವುದಿಲ್ಲ, ಮೆಟ್ಟಿಲುಗಳು ಮುಳುಗಿ ಆರತಿಯನ್ನು ಮನೆಗಳ ಮಾಳಿಗೆಯ ಮೇಲೆ ಮಾಡುತ್ತಾರೆ. ನೀರು ಇಳಿದ ಮೇಲೆ ಉಳಿಯುವ ಹೂಳನ್ನು ಪೈಪಿನಲ್ಲಿ ನೀರು ಹೊಡೆದು ತೊಳೆಯಲು ವಾರಗಳು ಬೇಕು. ಆದ್ದರಿಂದ ಘಾಟಿನ ನಡಿಗೆಗೆ ನವೆಂಬರಿನಿಂದ ಮಾರ್ಚಿಯವರೆಗೆ ಒಳ್ಳೆಯ ಕಾಲ. ಹರಿಶ್ಚಂದ್ರ, ಮಣಿಕರ್ಣಿಕಾಗಳಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ಫೋನು ಹೊರಗೆ ತೆಗೆಯಬಾರದು, ‘ಕಟ್ಟಿಗೆಗೆ ದಾನ ಕೊಡಿ’ ಎಂದು ಬೆನ್ನುಬೀಳುವವರ ಮಾತಿಗೆ ನಿಲ್ಲಬಾರದು.

ಗೋದೌಲಿಯಾಗೆ ಹೋಗುವ ದಾರಿಯ ಮದನಪುರದಲ್ಲಿ ಸ್ವಲ್ಪ ನಿಂತು ಕಿವಿಗೊಡಿ, ಒಳಗಲ್ಲಿಗಳಿಂದ ಮಗ್ಗದ ಸದ್ದು ಬರುತ್ತದೆ. ಬನಾರಸಿ ಸೀರೆಯ ರೇಷ್ಮೆ ನೂಲಿನಲ್ಲಿ ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆಯ ಗೂಡಿನಿಂದ ಬಿಚ್ಚಿದ್ದೂ ಇರುತ್ತದೆ. ಬೆಂಗಳೂರಿನ ಹುಡುಗ ಎಂದರೆ ನೇಕಾರರು ಮೊದಲು ಕೇಳುವುದು ಅಲ್ಲಿ ನೂಲಿನ ದರ ಎಷ್ಟು ಎಂದು. ಸಾರನಾಥ ಹತ್ತು ಕಿಲೋಮೀಟರ್ ದೂರ. ಅಶೋಕನ ಸಿಂಹಸ್ತಂಭದ ಶಿರ ಇರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಏಪ್ರಿಲಿನಲ್ಲಿ ಹನುಮ ಜಯಂತಿಯ ಹೊತ್ತಿಗೆ ಲಂಕಾಗೆ ಹತ್ತಿರದ ಸಂಕಟಮೋಚನ ದೇವಾಲಯದಲ್ಲಿ ರಾತ್ರಿಯೆಲ್ಲ ಸಂಗೀತ, ಹಲವು ರಾತ್ರಿ, ಟಿಕೆಟ್ ಇಲ್ಲ. ದೊಡ್ಡ ದೊಡ್ಡ ಕಲಾವಿದರು ಬೆಳಗಿನ ರಾಗ ಹಾಡುವಾಗ ಮುಂದೆ ಕೂತವರಲ್ಲಿ ಅರ್ಧ ವಿದ್ಯಾರ್ಥಿಗಳೇ. ಪರೀಕ್ಷೆ ಹತ್ತಿರದಲ್ಲೇ ಇರುತ್ತದೆ, ಆದರೂ ಒಂದು ರಾತ್ರಿಯಾದರೂ ಹೋಗಿ.

ಮೆಸ್ಸಿನಲ್ಲಿ ರೊಟ್ಟಿ, ಬೇಳೆ, ಆಲೂಗಡ್ಡೆ ಸೇರಿದ ಯಾವುದಾದರೂ ಪಲ್ಯ. ಅನ್ನ ಮಧ್ಯಾಹ್ನ ಧಾರಾಳ, ರಾತ್ರಿ ಕಡಿಮೆ. ಹುಳಿ, ಸಾರು, ಮಜ್ಜಿಗೆಯ ಊಟಕ್ಕೆ ಕೇದಾರ ಘಾಟ್, ಹನುಮಾನ್ ಘಾಟಿನ ಕಡೆ ಹೋಗಬೇಕು. ಊರಿಂದ ಹೋಗುವಾಗ ಸಾರಿನ ಪುಡಿ, ಚಟ್ನಿಪುಡಿ, ಹುಣಸೆಹಣ್ಣು ಒಯ್ಯಿರಿ, ಅಕ್ಕಿ ಬೇಡ. ಬೆಳಗಿನ ಕಚೌರಿ, ತರಕಾರಿ, ಜಿಲೇಬಿ ಒಗ್ಗಿದರೆ ಅರ್ಧ ಬನಾರಸ್ ಒಗ್ಗಿದಂತೆ. ಚಳಿಗಾಲದಲ್ಲಿ ಮಾತ್ರ ಸಿಗುವ ಮಲಯ್ಯೋ ತಿನ್ನಲು ಬೆಳಗ್ಗೆ ಚೌಕ್, ಠಠೇರಿ ಬಜಾರಿನ ಕಡೆ ಹೋಗಬೇಕು: ರಾತ್ರಿ ಇಬ್ಬನಿಯಲ್ಲಿ ಇಟ್ಟ ಹಾಲನ್ನು ಕಡೆದು ತೆಗೆದ ಕೇಸರಿ ಬಣ್ಣದ ನೊರೆ, ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ, ಬಾಯಿಗಿಟ್ಟರೆ ಇರುವುದೇ ಇಲ್ಲ. ಬಿಸಿಲೇರಿದರೆ ನೊರೆ ಕರಗಿಹೋಗುವುದರಿಂದ ಹತ್ತು ಗಂಟೆಯ ಮೇಲೆ ಹುಡುಕಬೇಡಿ.

ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿ ತರಗತಿಗೆ ಸಾಕಾಗುವುದಿಲ್ಲ. ಮಾನವಿಕ ವಿಷಯಗಳಲ್ಲಿ ಅಧ್ಯಾಪಕರು ಎರಡು ಭಾಷೆಗಳ ನಡುವೆ ಓಡಾಡುತ್ತಾರೆ, ಉತ್ತರಪತ್ರಿಕೆ ಇಂಗ್ಲಿಷಿನಲ್ಲಿ ಬರೆಯಬಹುದು. ಅರ್ಥವಾಗದಿದ್ದರೆ ತರಗತಿಯಲ್ಲೇ ಕೈಯೆತ್ತಿ ಇಂಗ್ಲಿಷಿನಲ್ಲಿ ಒಮ್ಮೆ ಹೇಳಿ ಎಂದು ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಆಫೀಸಿನ ಅರ್ಜಿಗಳನ್ನು ಹಿಂದಿಯಲ್ಲಿ ಬರೆದರೆ ಬೇಗ ಸಾಗುತ್ತದೆ, ಸಹಪಾಠಿಯ ಕೈಲಿ ಒಂದು ಮಾದರಿ ಬರೆಸಿಟ್ಟುಕೊಳ್ಳಿ. ಬೀದಿಯಲ್ಲಿ ಕಿವಿಗೆ ಬೀಳುವುದು ಭೋಜಪುರಿ ಬೆರೆತ ಕಾಶಿಯ ಮಾತು. ಅಲ್ಲಿ ‘ಗುರು’ ಎಂದು ಕರೆದರೆ ಅದು ಸಲುಗೆ.

ಹವೆಯ ಬಗ್ಗೆ ನಮ್ಮವರು ಯೋಚಿಸುವುದು ಬೇಸಿಗೆಯನ್ನು. ಮೇ, ಜೂನಿನಲ್ಲಿ 45 ಡಿಗ್ರಿ ಹತ್ತಿರ, ಲೂ ಎಂಬ ಬಿಸಿಗಾಳಿ ಬೀಸುತ್ತದೆ ನಿಜ, ಆದರೆ ಆಗ ಹೆಚ್ಚಿನವರು ರಜೆಗೆ ಊರಲ್ಲಿರುತ್ತಾರೆ. ಕಾಡುವುದು ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗಿನ ಚಳಿ ಮತ್ತು ಮಂಜು. ಗೋಡೆ, ನೆಲ, ನಲ್ಲಿಯ ನೀರು ಎಲ್ಲ ಕೊರೆಯುತ್ತವೆ, ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ. ಸ್ವೆಟರ್ ಊರಿಂದ ಒಯ್ಯಬೇಡಿ, ಅಲ್ಲೇ ಅಗ್ಗವಾಗಿ ಚೆನ್ನಾಗಿರುವುದು ಸಿಗುತ್ತದೆ. ಹತ್ತಿ ತುಂಬಿದ ರಜಾಯಿಯನ್ನು ನವೆಂಬರಿನಲ್ಲೇ ಕೊಳ್ಳಿ, ಚಳಿ ಬಿದ್ದ ಮೇಲೆ ಬೆಲೆ ಏರುತ್ತದೆ. ಮಂಜಿನ ದಿನಗಳಲ್ಲಿ ರೈಲು ಗಂಟೆಗಟ್ಟಲೆ ತಡ, ಕೆಲವು ರದ್ದಾಗುವುದೂ ಇದೆ. ಸೆಮಿಸ್ಟರ್ ಮುಗಿಸಿ ಸಂಕ್ರಾಂತಿಗೆ ಊರಿಗೆ ಬರುವವರು ಪ್ರಯಾಗರಾಜಿನಲ್ಲೋ ನಾಗಪುರದಲ್ಲೋ ರೈಲು ಬದಲಿಸುವ ಟಿಕೆಟ್ ತೆಗೆಯದೆ ನೇರ ರೈಲಿಗೇ ಕಾಯಬೇಕು. ಬದಲಿಸಲೇಬೇಕಾದರೆ ನಡುವೆ ಒಂದು ಇಡೀ ದಿನದ ಅಂತರ ಬಿಟ್ಟು, ಎರಡೂ ರೈಲುಗಳ ಪಿಎನ್ಆರ್‌ಗಳನ್ನು ಒಂದಕ್ಕೊಂದು ಜೋಡಿಸಿ ತೆಗೆದುಕೊಳ್ಳಿ.